ಚಾನೆಲ್‌ನವರ ಫೋನ್ ಬಂದಾಗ: ನಿವೃತ್ತ ಫೌಜಿ ಅಧಿಕಾರಿಗಳಿಗೆ ಒಂದಿಷ್ಟು ಮಾತು

ಜಗತ್ತಿನ ಯಾವ ಮೂಲೆಯಲ್ಲಿ ಬಾಂಬು ಬಿದ್ದರೂ ಈಗ ಧಾರವಾಡದಲ್ಲಿ ಫೋನು ಬಡಕೊಳ್ಳುತ್ತದೆ. ಮಿಲಿಟರಿಯಿಂದ ನಿವೃತ್ತರಾಗಿ ಬಂದು ಕನ್ನಡದಲ್ಲಿ ತಡವರಿಸದೆ ಮಾತಾಡುವ ಅಧಿಕಾರಿಗಳು ನಮ್ಮ ಕಡೆ ಕಡಿಮೆ, ಸುದ್ದಿ ಚಾನೆಲ್‌ಗಳು ಬಹಳ. 2022ರ ಫೆಬ್ರುವರಿ 24ರಂದು ರಷ್ಯಾ ಉಕ್ರೇನಿಗೆ ನುಗ್ಗಿತು ನೋಡಿ, ಅವತ್ತಿನಿಂದ ನನ್ನಂಥವರಿಗೆ ಒಂದು ಹೊಸ ನೌಕರಿ ಹುಟ್ಟಿಕೊಂಡಿತು: ‘ರಕ್ಷಣಾ ತಜ್ಞ’. ಅರ್ಜಿ ಹಾಕಿರಲಿಲ್ಲ, ಸಂದರ್ಶನಕ್ಕೆ ಕರೆದಿರಲಿಲ್ಲ, ಪರದೆಯ ಮೇಲೆ ಹೆಸರಿನ ಕೆಳಗೆ ಅವರೇ ಬರೆದುಬಿಟ್ಟರು.

ನಾನು ತೋಪಖಾನೆಯವನು. ಹುಟ್ಟಿದ್ದು ಹಾವೇರಿ ಜಿಲ್ಲೆಯಲ್ಲಿ, ಈಗ ಇರುವುದು ಧಾರವಾಡದ ಮಾಳಮಡ್ಡಿಯಲ್ಲಿ. ದೇವಳಾಲಿಯ ಆರ್ಟಿಲರಿ ಸ್ಕೂಲಿನಲ್ಲಿ ಕಲಿತು, ಮುಂದೆ ಒಂದು ಬೋಫೋರ್ಸ್ ರೆಜಿಮೆಂಟಿನ ಕಮಾಂಡಿಂಗ್ ಆಫೀಸರ್ ಆಗಿ, ಕರ್ನಲ್ ಹುದ್ದೆಯಲ್ಲಿ ಪಿಂಚಣಿಗೆ ಬಂದವನು. ನನ್ನ ಕೈಕೆಳಗೆ ಇದ್ದದ್ದು 18 ತೋಪು. ಆದರೆ 18 ತೋಪು ನಡೆಸಿದವನಿಗೆ ಪುಟಿನ್ ಮನಸ್ಸಿನಲ್ಲಿ ಏನಿದೆ, ಷಿ ಜಿನ್‌ಪಿಂಗ್ ತೈವಾನಿಗೆ ಯಾವಾಗ ಕೈಹಾಕುತ್ತಾರೆ ಎಂಬುದೂ ಗೊತ್ತಿರುತ್ತದೆ ಅಂತ ಜನ ನಂಬುತ್ತಾರೆ. ಎಲ್ಲ ತೊಡಕೂ ಶುರುವಾಗುವುದು ಇಲ್ಲೇ.

ಗದಗ ಕಡೆಯ ಒಬ್ಬ ಅಧಿಕಾರಿ ಈಚೆಗೆ ನಿವೃತ್ತರಾಗಿ ಊರಿಗೆ ಬಂದರು. ‘ಸರ್, ನನಗೂ ಚಾನೆಲ್‌ನ್ಯಾಗ ಕರೀಲಿಕ್ಕೆ ಹತ್ಯಾರ್ರಿ. ಹೋಗ್ಲೋ ಬ್ಯಾಡೋ? ಹೋದ್ರ ಏನ್ ಮಾತಾಡ್ಲಿ?’ ಎಂದು ಕೇಳಿದರು. ಹೋಗಿ ಎಂದೆ. ಹೋಗುವವರು ಹೇಗೆ ಹೋಗಬೇಕು ಎಂಬುದನ್ನು ಅವರಿಗೆ ಹೇಳಿದ ಹಾಗೆಯೇ ಇಲ್ಲಿ ಬರೆಯುತ್ತಿದ್ದೇನೆ.

ಹೂಂ ಅನ್ನುವ ಮೊದಲು

ಕಾಯದೆ ಮೊದಲು ನೋಡಿಕೊಳ್ಳಿ. 1923ರ ಅಧಿಕೃತ ರಹಸ್ಯಗಳ ಕಾಯದೆ ಸಮವಸ್ತ್ರ ಕಳಚಿದ ದಿನವೇ ನಮ್ಮನ್ನು ಬಿಟ್ಟುಹೋಗುವುದಿಲ್ಲ, ಸಾಯುವ ತನಕ ಬೆನ್ನ ಹಿಂದೆ ಇರುತ್ತದೆ. ಬಿಎಸ್‌ಎಫ್, ಸಿಆರ್‌ಪಿಎಫ್, ಐಟಿಬಿಪಿ ಅಥವಾ ಗುಪ್ತಚರ ಸಂಸ್ಥೆಗಳಿಂದ ಬಂದವರಿಗೆ ಇನ್ನೊಂದು ಗಂಟಿದೆ. 2021ರ ಮೇ ಕೊನೆಗೆ ಕೇಂದ್ರ ಸರ್ಕಾರ ಪಿಂಚಣಿ ನಿಯಮವನ್ನು ತಿದ್ದಿತು. ಮಾಹಿತಿ ಹಕ್ಕು ಕಾಯದೆಯ ಎರಡನೇ ಅನುಸೂಚಿಯಲ್ಲಿರುವ ಸಂಸ್ಥೆಗಳಲ್ಲಿ ದುಡಿದವರು ಆ ಸಂಸ್ಥೆಯ ಕೆಲಸದ ಬಗ್ಗೆ ಏನನ್ನಾದರೂ ಪ್ರಕಟಿಸಬೇಕಾದರೆ ಅದರ ಮುಖ್ಯಸ್ಥರಿಂದ ಮೊದಲೇ ಒಪ್ಪಿಗೆ ಪಡೆಯಬೇಕು. ತಪ್ಪಿದರೆ ಪಿಂಚಣಿಗೇ ಕುತ್ತು. ನಮ್ಮ ಜಿಲ್ಲೆಗಳಿಂದ ಅರೆಸೇನಾ ಪಡೆಗಳಿಗೆ ಹೋದವರು ಬಹಳ ಮಂದಿ, ಇದು ಎಷ್ಟೋ ಜನರ ಕಿವಿಗೇ ಬಿದ್ದಿಲ್ಲ.

ಭೂಸೇನೆಯಿಂದ ಬಂದ ನಾನು ಇಟ್ಟುಕೊಂಡಿರುವ ಕಟ್ಟಳೆ ಸರಳ. ನಮ್ಮ ಸೈನ್ಯದ ಬಗ್ಗೆ ಮಾತಾಡುವಾಗ ಸರ್ಕಾರದ ಪ್ರಕಟಣೆಯಲ್ಲಿ ಬಂದದ್ದು, ಸಂಸತ್ತಿನಲ್ಲಿ ಮಂತ್ರಿ ಉತ್ತರ ಕೊಟ್ಟದ್ದು, ಅಧಿಕೃತ ಪತ್ರಿಕಾಗೋಷ್ಠಿಯಲ್ಲಿ ಹೇಳಿದ್ದು, ಇಷ್ಟರ ಆಚೆ ಕಾಲಿಡುವುದಿಲ್ಲ. ‘ನಮ್ಮ ಕಾಲದಾಗ ಆ ಪೋಸ್ಟಿನ ಹಿಂದ ತೋಪು ಇಲ್ಲಿ ಇಡ್ತಿದ್ವಿ’ ಎಂಬ ಮಾತು ಚಹಾ ಕುಡಿಯುವಾಗಲೂ ಬೇಡ. ತೋಪು ಬದಲಾಗಿರಬಹುದು, ಗುಡ್ಡ ಎಲ್ಲಿಗೂ ಹೋಗಿರುವುದಿಲ್ಲ.

ಎರಡನೆಯದು ನಿಮ್ಮ ಹಿತಾಸಕ್ತಿ. ಅಮೆರಿಕದಲ್ಲಿ 2008ರ ಏಪ್ರಿಲ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಒಂದು ದೊಡ್ಡ ತನಿಖಾ ವರದಿ ಪ್ರಕಟಿಸಿತು. ಇರಾಕ್ ಯುದ್ಧದ ಕಾಲಕ್ಕೆ ಟಿವಿಯಲ್ಲಿ ಸ್ವತಂತ್ರ ವಿಶ್ಲೇಷಕರೆಂದು ಕೂತಿದ್ದ ನಿವೃತ್ತ ಅಧಿಕಾರಿಗಳನ್ನು ಅಲ್ಲಿನ ರಕ್ಷಣಾ ಇಲಾಖೆ, ಅಂದರೆ ಪೆಂಟಗನ್, ಒಳಗೆ ಕರೆದು, ಏನು ಹೇಳಬೇಕೆಂದು ಪಾಠ ಮಾಡಿ ಕಳಿಸುತ್ತಿತ್ತು. ಅವರಲ್ಲಿ ಹಲವರಿಗೆ ಸೈನ್ಯಕ್ಕೆ ಮಾಲು ಮಾರುವ ಕಂಪನಿಗಳ ಜೊತೆ ನಂಟು ಬೇರೆ ಇತ್ತು. ನೋಡುವ ಜನಕ್ಕೆ ಇದರ ಸುಳಿವೂ ಇರಲಿಲ್ಲ. ಮರುವರ್ಷ ಆ ವರದಿಗೆ ಪುಲಿಟ್ಜರ್ ಬಂತು. ನೀವು ಡ್ರೋನ್ ಕಂಪನಿಗೆ ಸಲಹೆಗಾರರಾಗಿದ್ದರೆ, ಸೆಕ್ಯೂರಿಟಿ ಏಜೆನ್ಸಿ ನಡೆಸುತ್ತಿದ್ದರೆ, ಯಾವುದೋ ಪಕ್ಷದ ಟಿಕೆಟ್ಟಿನ ಮೇಲೆ ಕಣ್ಣಿಟ್ಟಿದ್ದರೆ ಅದನ್ನು ನಿರೂಪಕರಿಗೆ ಮೊದಲೇ ಹೇಳಿ, ಪರದೆಯ ಮೇಲೂ ಹೇಳಿಸಿ. ಹೇಳಲು ಮುಜುಗರ ಆದರೆ ಆ ವಿಷಯದ ಚರ್ಚೆಗೆ ಹೋಗಬೇಡಿ.

ಹೆಸರಿನ ಜೊತೆ ‘ನಿವೃತ್ತ’ ಅಂತ ಇರಲೇಬೇಕು. ಚಾನೆಲ್‌ನವರು ಬಿಡುತ್ತಾರೆ, ನೀವು ಬಿಡಬಾರದು. ಮನೆಯ ಹಾಲ್‌ನಲ್ಲಿ ಕೂತು ಸಮವಸ್ತ್ರದ ‘ಬೆರೆ’ ಟೊಪ್ಪಿಗೆ ಹಾಕಿಕೊಂಡು ಮಾತಾಡುವವರನ್ನು ನೋಡಿದ್ದೇನೆ. ಹಿಂದೆ ಶೋಕೇಸಿನಲ್ಲಿ ಗಣಪತಿ, ತಲೆಯ ಮೇಲೆ ಬೆರೆ. ಬೇಡ ಮಹಾರಾಯರೇ, ಒಂದು ಇಸ್ತ್ರಿ ಮಾಡಿದ ಅಂಗಿ ಸಾಕು.

ನಿಮಗೆ ಗೊತ್ತಿರುವುದು ಎಷ್ಟು

ಒಂದು ಹಾಳೆ ತೆಗೆದುಕೊಂಡು ಬರೆಯಿರಿ. ಕೈಯಾರೆ ಮಾಡಿದ ಕೆಲಸ ಯಾವುದು, ಕೋರ್ಸಿನಲ್ಲಿ ಕಲಿತದ್ದು ಯಾವುದು, ಉಳಿದವರ ಹಾಗೆ ಪೇಪರ್ ಓದಿ ತಿಳಿದದ್ದು ಯಾವುದು. ಮೊದಲನೆಯದನ್ನು ಗಟ್ಟಿಯಾಗಿ ಹೇಳಿ, ಎರಡನೆಯದನ್ನು ನೋಡಿಕೊಂಡು ಹೇಳಿ. ಮೂರನೆಯದಕ್ಕೆ ನಿಮ್ಮ ರ‍್ಯಾಂಕಿನ ತೂಕ ಹಾಕಬೇಡಿ. ಪದಾತಿ ದಳದವರು ಗುಡ್ಡ ಹತ್ತುವುದರ ಬಗ್ಗೆ, ಸಿಗ್ನಲ್ಸ್‌ನವರು ಸಂಪರ್ಕ ಹೇಗೆ ಕಡಿಯುತ್ತದೆ ಎಂಬುದರ ಬಗ್ಗೆ, ಸೈನ್ಯಕ್ಕೆ ಸಾಮಾನು ಸಾಗಿಸುವ ಎಎಸ್‌ಸಿಯವರು (ಆರ್ಮಿ ಸರ್ವಿಸ್ ಕೋರ್) ರೇಷನ್ ಮತ್ತು ಡೀಸೆಲ್ ಬಗ್ಗೆ ಮಾತಾಡಿದರೆ ಕೇಳುವವರಿಗೆ ಬೇರೆಲ್ಲೂ ಸಿಗದ್ದು ಸಿಗುತ್ತದೆ. ಅದೇ ಎಎಸ್‌ಸಿಯವರು ಅಣುಬಾಂಬಿನ ಬಗ್ಗೆ ಶುರುಮಾಡಿದರೆ ಅದು ಕಟ್ಟೆ ಮೇಲಿನ ಹರಟೆ.

ನನ್ನ ಪಾಲಿಗೆ ಬಂದದ್ದು ತೋಪಿನ ಗುಂಡು. ಉಕ್ರೇನ್ ಯುದ್ಧ ಸಾಗಿದಂತೆ ಅದೇ ದೊಡ್ಡ ಸುದ್ದಿಯಾಯಿತು. ಉಳಿದ ತಜ್ಞರೆಲ್ಲ ಹೊಸ ಟ್ಯಾಂಕು, ಹೊಸ ವಿಮಾನ ಅಂತ ಹೇಳುತ್ತಿದ್ದಾಗ ನಾನು ಕೇಳುತ್ತಿದ್ದದ್ದು ಒಂದೇ: 155 ಎಂಎಂ ಗುಂಡು ದಿನಕ್ಕೆ ಎಷ್ಟು ಹಾರುತ್ತಿದೆ, ಕಾರ್ಖಾನೆಯಿಂದ ಎಷ್ಟು ಬರುತ್ತಿದೆ?

ಇದನ್ನು ಹಾವೇರಿಯ ಸಭೆಯೊಂದರಲ್ಲಿ ಹೇಳಬೇಕಾಗಿ ಬಂದಾಗ ಹೀಗೆ ಬಿಡಿಸಿದೆ. ಒಂದು 155 ಎಂಎಂ ಗುಂಡು ಸುಮಾರು 43 ಕಿಲೋ. ಈಗಿನ ಯೂರಿಯಾ ಚೀಲ 45 ಕಿಲೋ. ಅಂದರೆ ಒಂದೊಂದು ಗುಂಡೂ ಹೆಚ್ಚುಕಡಿಮೆ ಒಂದು ಯೂರಿಯಾ ಚೀಲ. ಉಕ್ರೇನ್ 2023ರಲ್ಲಿ ದಿನಕ್ಕೆ ಐದಾರು ಸಾವಿರ ಗುಂಡು ಹಾರಿಸುತ್ತಿತ್ತು ಅಂತಿಟ್ಟುಕೊಳ್ಳಿ. ಆರು ಸಾವಿರ ಅಂದರೆ ಸುಮಾರು 258 ಟನ್. ಇಪ್ಪತ್ತು ಟನ್ನಿನ ಲಾರಿ ಹದಿಮೂರು, ದಿನಾ, ಶಿವರಾತ್ರಿ ದೀಪಾವಳಿ ಅನ್ನದೆ. ಇದು ಬರೀ ಗುಂಡು. ಅದನ್ನು ಹಾರಿಸುವ ಮದ್ದು ಬೇರೆ, ಗುಂಡನ್ನು ಸಿಡಿಸಲು ಅದರ ಮೂತಿಗೆ ತಿರುವುವ ಫ್ಯೂಜ್ ಬೇರೆ. ಆ ಲಾರಿ ಹೋಗುವ ಸೇತುವೆ ಮುರಿದರೆ ತೋಪು ಅಷ್ಟುದ್ದ ಕಬ್ಬಿಣ. ಸಭೆಯಲ್ಲಿ ಗೊಬ್ಬರದ ಅಂಗಡಿಯವರೊಬ್ಬರು ಎದ್ದು ‘ಅಷ್ಟ್ ಇಳಸಾಕ ಹಮಾಲರು ಎಷ್ಟ್ ಮಂದಿ ಬೇಕ್ರಿ?’ ಅಂದರು. ಯುದ್ಧದ ಬಗ್ಗೆ ಅಷ್ಟು ಸರಿಯಾದ ಪ್ರಶ್ನೆಯನ್ನು ಯಾವ ನಿರೂಪಕರೂ ನನಗೆ ಕೇಳಿಲ್ಲ.

ಯುದ್ಧಕ್ಕೆ ಮೊದಲು ಅಮೆರಿಕ ಇಡೀ ತಿಂಗಳಿಗೆ ತಯಾರಿಸುತ್ತಿದ್ದದ್ದು ಸುಮಾರು 14,000 ಗುಂಡು. ಯುರೋಪಿಯನ್ ಒಕ್ಕೂಟ 2023ರ ಮಾರ್ಚ್‌ನಲ್ಲಿ, ಒಂದು ವರ್ಷದೊಳಗೆ ಹತ್ತು ಲಕ್ಷ ಗುಂಡು ಕೊಡುತ್ತೇವೆ ಅಂತ ಮಾತು ಕೊಟ್ಟಿತು. ಗಡುವು ಬಂದಾಗ ಆದದ್ದು ಅದರ ಅರ್ಧದ ಆಸುಪಾಸು. ನಮ್ಮದೇ ಲೆಕ್ಕ ಬೇಕಾದರೆ ಕಾರ್ಗಿಲ್: 1999ರಲ್ಲಿ ನಮ್ಮ ತೋಪಖಾನೆ ಹಾರಿಸಿದ್ದು ಎಲ್ಲ ಸೇರಿ ಸುಮಾರು ಎರಡೂವರೆ ಲಕ್ಷ ಗುಂಡು, ಬಾಂಬು, ರಾಕೆಟ್. ಈ ನಾಲ್ಕು ಅಂಕಿ ಪಕ್ಕಪಕ್ಕ ಇಟ್ಟರೆ, ಯುದ್ಧ ಯಾಕೆ ಮುಗಿಯುತ್ತಿಲ್ಲ ಎಂಬುದಕ್ಕೆ ಒಂದು ಕಾರಣ ಕೇಳುವವರೇ ಕಂಡುಕೊಳ್ಳುತ್ತಾರೆ. ನೀವು ಕೂಗಾಡಬೇಕಿಲ್ಲ.

ಗುಂಡಿನ ಕೊರತೆ ಹೊಸ ಕಥೆಯೂ ಅಲ್ಲ. ಬ್ರಿಟಿಷ್ ಸೈನ್ಯ ಬಿಟ್ಟ ಲೆಫ್ಟಿನೆಂಟ್ ಕರ್ನಲ್ ಚಾರ್ಲ್ಸ್ ರೆಪಿಂಗ್ಟನ್ ಲಂಡನ್ನಿನ ದಿ ಟೈಮ್ಸ್ ಪತ್ರಿಕೆಗೆ ಸೇನಾ ವರದಿಗಾರನಾಗಿದ್ದ. ನಮ್ಮ ಕಸುಬಿನ ಹಿರಿಯನೆಂದರೆ ಅವನೇ. ಫ್ರಾನ್ಸಿನ ಒಬೆರ್ ದಿಬ್ಬದ ಮೇಲಿನ ದಾಳಿ ಸೋತ ಮೇಲೆ, 1915ರ ಮೇ ತಿಂಗಳಲ್ಲಿ, ಗುಂಡು ಸಾಲದೆ ಸೋತೆವು ಎಂದು ಬರೆದ. ಲಂಡನ್ನಿನಲ್ಲಿ ಗದ್ದಲವೆದ್ದು ಸಮ್ಮಿಶ್ರ ಸರ್ಕಾರ ಬಂತು, ಮದ್ದುಗುಂಡಿಗೇ ಒಂದು ಖಾತೆ ಹುಟ್ಟಿ ಲಾಯ್ಡ್ ಜಾರ್ಜ್ ಅದರ ಮಂತ್ರಿಯಾದ. ಬರೆದದ್ದು ಸುಳ್ಳಲ್ಲ, ಗುಂಡು ನಿಜಕ್ಕೂ ಕಡಿಮೆ ಇತ್ತು. ಆದರೆ ಆ ಸುದ್ದಿಯನ್ನು ಅವನ ಕಿವಿಗೆ ಹಾಕಿದ್ದು ಸೇನಾಧಿಪತಿ ಸರ್ ಜಾನ್ ಫ್ರೆಂಚ್. ದಾಳಿ ಸೋತ ಹೊಣೆ ಅವನ ತಲೆಗೆ ಬರುವುದರಲ್ಲಿತ್ತು. ಹಳೇ ಬ್ಯಾಚ್‌ಮೇಟ್ ದೆಹಲಿಯಿಂದ ಫೋನ್ ಮಾಡಿ ‘ಯಾರಿಗೂ ಹೇಳಬೇಡ, ಒಳಗಿನ ಮಾತು’ ಎಂದಾಗ ನನಗೆ ಈ ಸರ್ ಜಾನ್ ನೆನಪಾಗುತ್ತಾನೆ. ಮಾಹಿತಿ ಖರೆಯೋ ಸುಳ್ಳೋ ಎಂಬುದು ಒಂದು ಪ್ರಶ್ನೆ, ಈಗ ಯಾಕೆ ಹೇಳುತ್ತಿದ್ದಾನೆ ಎಂಬುದು ಇನ್ನೊಂದು.

ಬೆಳಗಿನ ತಯಾರಿ

ಮೊದಲು ನಕಾಶೆ. ಊರಿನ ಹೆಸರು ಕೇಳಿದ ಕೂಡಲೇ ಮಾತು ಶುರುಮಾಡಬೇಡಿ, ಗಡಿಯಿಂದ ಎಷ್ಟು ದೂರ, ನದಿಯ ಯಾವ ದಂಡೆ, ರೈಲು ಹಳಿ ಎಲ್ಲಿದೆ ನೋಡಿ. ನಮ್ಮ ಜನಕ್ಕೆ ಹೇಳುವಾಗ ನಮ್ಮ ರಸ್ತೆಗಳ ಅಳತೆ ಬಳಸಿ. 2022ರ ಮಾರ್ಚ್ ಮೊದಲ ವಾರ ಕೀವ್ ನಗರದ ಉತ್ತರಕ್ಕೆ 64 ಕಿಲೋಮೀಟರ್ ಉದ್ದಕ್ಕೆ ರಷ್ಯಾದ ವಾಹನಗಳು ನಿಂತಿದ್ದವು. ಹುಬ್ಬಳ್ಳಿಯಿಂದ ಗದಗದ ತನಕ, ಅಣ್ಣಿಗೇರಿ ದಾಟಿ, ಒಂದರ ಹಿಂದೆ ಒಂದು ಮಿಲಿಟರಿ ಗಾಡಿ ಅಂದರೆ ಆಯಿತು. ಅಷ್ಟು ಗಾಡಿಗೆ ಡೀಸೆಲ್ ಯಾರು ಕೊಡಬೇಕು, ಅಷ್ಟು ಮಂದಿಗೆ ಊಟ ಎಲ್ಲಿಂದ ಎಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ.

ಓದುವುದಕ್ಕೆ ದುಡ್ಡು ಬೇಕಿಲ್ಲ. ಸ್ಟಾಕ್‌ಹೋಮಿನ ಸಿಪ್ರಿ ಸಂಸ್ಥೆ (1966ರಿಂದ ಇದೆ) ಯಾವ ದೇಶ ಸೈನ್ಯಕ್ಕೆ ಎಷ್ಟು ಖರ್ಚು ಮಾಡಿತು, ಯಾರು ಯಾರಿಗೆ ಆಯುಧ ಮಾರಿದರು ಎಂಬ ಲೆಕ್ಕವನ್ನು ಜಾಲತಾಣದಲ್ಲಿ ಪುಕ್ಕಟೆ ಇಟ್ಟಿದೆ. ಅದರ ಪ್ರಕಾರ 2024ರಲ್ಲಿ ಜಗತ್ತಿನ ಮಿಲಿಟರಿ ಖರ್ಚು 2,718 ಶತಕೋಟಿ ಡಾಲರ್. ಅಮೆರಿಕದ್ದು 997, ಚೀನಾದ್ದು ಅಂದಾಜು 314, ನಮ್ಮದು 86.1. ಟಿವಿಯಲ್ಲಿ ‘ಚೀನಾಕ್ಕೆ ನಾವು ಸಮ’ ಎಂದು ಯಾರಾದರೂ ಎದೆ ತಟ್ಟಿದಾಗ ಈ ಮೂರು ಅಂಕಿ ಸಾವಕಾಶ ಓದಿ ಹೇಳಿ, ಸಾಕು. ಲಂಡನ್ನಿನ ಐಐಎಸ್‌ಎಸ್ ಎಂಬ ಅಧ್ಯಯನ ಸಂಸ್ಥೆ ವರ್ಷಕ್ಕೊಮ್ಮೆ ಪ್ರತಿ ದೇಶದ ಸೈನಿಕರು, ಟ್ಯಾಂಕು, ವಿಮಾನಗಳ ಎಣಿಕೆ ತರುತ್ತದೆ. ಅದಕ್ಕೆ ಬೆಲೆ ಜಾಸ್ತಿ, ಗ್ರಂಥಾಲಯದಲ್ಲಿ ಸಿಕ್ಕರೆ ನೋಡಿ. ದೆಹಲಿಯ ಯುಎಸ್‌ಐ ಎಂಬ ಸೇನಾ ಅಧ್ಯಯನ ಸಂಸ್ಥೆ (1870ರಲ್ಲಿ ಶಿಮ್ಲಾದಲ್ಲಿ ಶುರುವಾದದ್ದು) ನಮ್ಮಂಥವರಿಗೆ ಸದಸ್ಯತ್ವ ಕೊಡುತ್ತದೆ, ಆಗಿಬಿಡಿ. ನಾಸಾದವರ ಫರ್ಮ್ಸ್ ಎಂಬ ನಕಾಶೆ ಉಪಗ್ರಹಕ್ಕೆ ಕಂಡ ಬೆಂಕಿಯ ಚುಕ್ಕೆಗಳನ್ನು ತೋರಿಸುತ್ತದೆ. ಅದು ಇರುವುದು ಕಾಡ್ಗಿಚ್ಚಿಗೆ, ಆದರೆ ಯುದ್ಧರೇಖೆ ಎಲ್ಲಿ ಉರಿಯುತ್ತಿದೆ ಎಂದು ಅಂದಾಜಿಸಲು ಬರುತ್ತದೆ. ಹೊಲದಲ್ಲಿ ಕೂಳೆ ಸುಟ್ಟರೂ ಅದೇ ಚುಕ್ಕೆ ಬೀಳುತ್ತದೆ ಎಂಬುದು ನೆನಪಿರಲಿ.

ವಾಟ್ಸಾಪಿನಲ್ಲಿ ಬಂದ ವಿಡಿಯೊ ಮೇಲೆ ಮಾತಾಡಲೇಬೇಡಿ. ಅರ್ಮಾ-3 ಅಂತ ಒಂದು ಕಂಪ್ಯೂಟರ್ ಆಟ ಇದೆ. ಅದರ ತುಣುಕುಗಳನ್ನು ಉಕ್ರೇನ್ ಅಂತಲೂ ಗಾಜಾ ಅಂತಲೂ ತೋರಿಸಿದ್ದಾರೆ. ಆಟ ತಯಾರಿಸಿದ ಕಂಪನಿಯೇ 2022ರಲ್ಲಿ ಇದು ನಮ್ಮದು, ನಿಜ ಅಲ್ಲ ಅಂತ ಹೇಳಿಕೆ ಕೊಡಬೇಕಾಯಿತು. ನಿರೂಪಕರು ‘ಸರ್, ಈ ದೃಶ್ಯ ನೋಡ್ತಾ ಇದೀರಿ’ ಎಂದರೆ, ‘ಇದನ್ನು ಯಾರು, ಎಲ್ಲಿ, ಯಾವಾಗ ತೆಗೆದದ್ದು ತಿಳಿದರೆ ಹೇಳುತ್ತೇನೆ’ ಎಂದುಬಿಡಿ. ಎರಡು ಸಲ ಹೀಗೆ ಅಂದರೆ ಮೂರನೇ ಸಲ ಅವರು ನಿಮಗೆ ದೃಶ್ಯ ತೋರಿಸುವುದಿಲ್ಲ.

ನೇರಪ್ರಸಾರದ ಹೊತ್ತು

ಧಾರವಾಡದಲ್ಲಿ ಇದ್ದವರಿಗೆ ಸ್ಟುಡಿಯೊ ಯೋಗ ಕಡಿಮೆ, ಮೊಬೈಲೇ ಗತಿ. ಮೊಬೈಲು ಪುಸ್ತಕಗಳ ರಾಶಿಗೆ ಆನಿಸಿ ಕಣ್ಣಿನ ಮಟ್ಟಕ್ಕೆ ಇಡಿ. ಇಲ್ಲವಾದರೆ ನೋಡುವವರಿಗೆ ನಿಮ್ಮ ಮೂಗಿನ ಹೊಳ್ಳೆಯೇ ಕಾಣುತ್ತದೆ. ತಂತಿ ಇರುವ ಇಯರ್‌ಫೋನ್ ಲೇಸು. ಫ್ಯಾನ್ ಬಂದ್ ಮಾಡಿ, ಅಡುಗೆಮನೆಗೆ ಕುಕ್ಕರಿನ ಸೂಚನೆ ಕೊಡಿ. ‘ಐದು ನಿಮಿಷ ಸರ್’ ಅಂದವರು ನಲವತ್ತು ನಿಮಿಷ ಕೂಡಿಸಿ ಕಡೆಗೆ ಒಂದೂವರೆ ನಿಮಿಷ ಕೊಡುತ್ತಾರೆ. ಆ ಒಂದೂವರೆ ನಿಮಿಷದಲ್ಲಿ ಹೇಳಬೇಕಾದ ಒಂದೇ ವಿಷಯವನ್ನು ಚೀಟಿಯಲ್ಲಿ ಬರೆದು ಮುಂದೆ ಇಟ್ಟುಕೊಂಡಿರಿ. ನಾಲ್ಕು ಕಿಟಕಿ ಹಾಕಿ ನಾಲ್ವರನ್ನು ಜಗಳಕ್ಕೆ ಬಿಡುವ ಕಾರ್ಯಕ್ರಮವಾದರೆ ಮೊದಲೇ ಕೇಳಿ ತಿಳಿದು ಬೇಡ ಅನ್ನಿ. ಗಂಟಲು ದೊಡ್ಡದಿದ್ದವರು ಗೆಲ್ಲುವ ಜಾಗ ಅದು. ಪರೇಡ್ ಗ್ರೌಂಡಿನ ಗಂಟಲು ನಮಗೂ ಇದೆ, ಆದರೆ ಅದನ್ನು ಬಳಸಲು ಪಿಂಚಣಿ ಕೊಡುತ್ತಿಲ್ಲ.

ಸಂಭಾವನೆ ಇದೆಯೋ ಇಲ್ಲವೋ ನೇರ ಕೇಳಿ. ಸಂಕೋಚ ಬೇಡ.

ಬಂದೇ ಬರುವ ಪ್ರಶ್ನೆ: ‘ಸರ್, ಒಂದೇ ಮಾತಲ್ಲಿ ಹೇಳಿ, ಮೂರನೇ ಮಹಾಯುದ್ಧ ಆಗುತ್ತಾ?’ ಹೌದು ಅಂದರೂ ಕೆಟ್ಟಿರಿ, ಇಲ್ಲ ಅಂದರೂ ಕೆಟ್ಟಿರಿ. ನಾನು ಹೇಳುವುದು ಹೀಗೆ: ‘ದೊಡ್ಡದಾಗುವುದಾದರೆ ಮೊದಲು ಕಾಣುವ ಗುರುತು ಇವು. ರಾಯಭಾರ ಕಚೇರಿಯವರು ಹೆಂಡತಿ ಮಕ್ಕಳನ್ನು ಊರಿಗೆ ಕಳಿಸುತ್ತಾರೆ, ಮೀಸಲು ಸೈನಿಕರಿಗೆ ಕರೆ ಹೋಗುತ್ತದೆ, ರಕ್ತದ ದಾಸ್ತಾನು, ತಾತ್ಕಾಲಿಕ ಆಸ್ಪತ್ರೆ ಗಡಿಯ ಹತ್ತಿರ ಬರುತ್ತವೆ. ಇದರಲ್ಲಿ ಇವತ್ತು ಕಂಡಿರುವುದು ಇಷ್ಟು.’ ಕೇಳುವವರಿಗೆ ನಾಳೆ ತಾವೇ ನೋಡಿಕೊಳ್ಳಲು ಏನಾದರೂ ಸಿಕ್ಕಿತು, ನಿಮ್ಮ ಮಾತೂ ಉಳಿಯಿತು.

ತಾರೀಖು ಮಾತ್ರ ಹೇಳಬೇಡಿ. ಕೀವ್ ಮೂರು ದಿನಕ್ಕೆ ಬೀಳುತ್ತದೆ ಎಂದವರು ಜಗತ್ತಿನ ತುಂಬ ಇದ್ದರು, ಅದು ಬೀಳಲಿಲ್ಲ. ಯುರೋಪಿನಲ್ಲಿ ಅಮೆರಿಕದ ಭೂಸೇನೆ ನಡೆಸಿ ನಿವೃತ್ತರಾದ ಲೆಫ್ಟಿನೆಂಟ್ ಜನರಲ್ ಬೆನ್ ಹಾಜಸ್ ಅವರನ್ನೇ ನೋಡಿ. ರಷ್ಯಾದ ದಾಳಿ ಮದ್ದುಗುಂಡು, ಸೈನಿಕರು ಸಾಲದೆ ದಣಿದು ನಿಲ್ಲುತ್ತದೆ ಎಂದು ಅವರು 2022ರ ಮಾರ್ಚ್‌ನಲ್ಲೇ ಹೇಳಿದ್ದರು. ಸಾಗಾಟದ ಲೆಕ್ಕ ಗೊತ್ತಿದ್ದವರ ಮಾತು ಅದು, ಕೀವ್ ಕಡೆ ಹಾಗೆಯೇ ಆಯಿತು. ಅವರೇ ಮುಂದೆ, 2023ರ ಬೇಸಿಗೆ ಮುಗಿಯುವುದರೊಳಗೆ ಕ್ರಿಮಿಯಾ ಉಕ್ರೇನಿನ ಕೈಗೆ ಬರಬಹುದು ಎಂದೂ ಹೇಳಿದರು. ಆ ಬೇಸಿಗೆ ಬಂದು ಹೋಯಿತು. ಅವರ ಅನುಭವದ ಮುಂದೆ ನಾನು ಏನೂ ಅಲ್ಲ, ಅಂಥವರಿಗೇ ತಾರೀಖು ಕೈಕೊಟ್ಟಿತು.

‘ಗೊತ್ತಿಲ್ಲ’ ಎಂದು ಹೇಳುವುದನ್ನು ಕನ್ನಡಿ ಮುಂದೆ ಅಭ್ಯಾಸ ಮಾಡಿ. ತಮಾಷೆಗೆ ಹೇಳುತ್ತಿಲ್ಲ. ಇಪ್ಪತ್ತು ಮೂವತ್ತು ವರ್ಷ ‘ಯೆಸ್ ಸರ್’ ಕೇಳಿಸಿಕೊಂಡ ಬಾಯಿಗೆ ಅದು ಸುಲಭಕ್ಕೆ ಬರುವುದಿಲ್ಲ.

ನಮ್ಮದೇ ಗಡಿಯಲ್ಲಿ ಗುಂಡು ಹಾರಿದಾಗ

ಇಲ್ಲಿ ಕಟ್ಟಳೆ ಬೇರೆ. ಪಹಲ್ಗಾಮ್ ದಾಳಿಯ ನಂತರ 2025ರ ಏಪ್ರಿಲ್ 26ರಂದು ವಾರ್ತಾ ಮತ್ತು ಪ್ರಸಾರ ಸಚಿವಾಲಯ ಎಲ್ಲ ಮಾಧ್ಯಮಗಳಿಗೆ ಸೂಚನೆ ಕಳಿಸಿತ್ತು: ಸೈನ್ಯದ ಚಲನವಲನ, ಕಾರ್ಯಾಚರಣೆಯ ನೇರ ಪ್ರಸಾರ ಬೇಡ. 2021ರ ಕೇಬಲ್ ಟಿವಿ ತಿದ್ದುಪಡಿ ನಿಯಮಗಳ 6(1)(ಪಿ) ಪ್ರಕಾರ ಉಗ್ರರ ವಿರುದ್ಧದ ಕಾರ್ಯಾಚರಣೆ ನಡೆದಿರುವಾಗ ನೇಮಿತ ಅಧಿಕಾರಿ ಆಗಾಗ ಕೊಡುವ ಮಾಹಿತಿಯಷ್ಟನ್ನೇ ತೋರಿಸಬೇಕು. 2008ರ ಮುಂಬೈ ದಾಳಿಯಲ್ಲಿ ನಮ್ಮ ಕಮಾಂಡೊಗಳು ಏನು ಮಾಡುತ್ತಿದ್ದಾರೆಂದು ಟಿವಿ ನೋಡಿಕೊಂಡೇ ಗಡಿಯಾಚೆ ಕೂತವರು ಉಗ್ರರಿಗೆ ಫೋನಿನಲ್ಲಿ ನಿರ್ದೇಶನ ಕೊಟ್ಟ ಪಾಠ ಇದರ ಹಿಂದಿದೆ.

ಆದರೂ ಮೇ 7ರಂದು ಆಪರೇಷನ್ ಸಿಂಧೂರ ಶುರುವಾಗಿ 10ರಂದು ಕದನ ನಿಲ್ಲುವುದರೊಳಗೆ ಏನೇನು ನೋಡಿದೆವು! ಕರಾಚಿ ಬಂದರು ಧ್ವಂಸ ಎಂದು ರಾತ್ರಿಯಿಡೀ ನಡೆಯಿತು. ಹಾಗೇನೂ ಆಗಿರಲಿಲ್ಲ. ಹಿನ್ನೆಲೆಯಲ್ಲಿ ಸೈರನ್ ಬೇರೆ. ಕಾರ್ಯಕ್ರಮಗಳಲ್ಲಿ ಸೈರನ್ ಹಾಕಬೇಡಿ, ಜನ ನಿಜವಾದ ಸೈರನ್ನಿಗೂ ಕಿವಿಗೊಡದಂತೆ ಆಗುತ್ತದೆ ಎಂದು ಕೇಂದ್ರ ಗೃಹ ಇಲಾಖೆಯೇ ಹೇಳಬೇಕಾಯಿತು. ಆ ಕಿಟಕಿಗಳಲ್ಲಿ ನಮ್ಮಂಥ ನಿವೃತ್ತರೂ ಕೂತಿದ್ದರು ಎಂಬುದು ನನಗೆ ಚುಚ್ಚುವ ಮಾತು. ನಿರೂಪಕರು ಸುಳ್ಳು ಹೇಳಿದಾಗ ಪಕ್ಕದಲ್ಲಿ ಕರ್ನಲ್ಲು, ಬ್ರಿಗೇಡಿಯರು ತಲೆಯಾಡಿಸಿದರೆ ಸುಳ್ಳಿಗೆ ಸರ್ಕಾರಿ ಮೊಹರು ಬಿದ್ದ ಹಾಗೆ ಜನ ತಿಳಿಯುತ್ತಾರೆ. ಅಂಥ ರಾತ್ರಿ ನೀವು ಮಾಡಬೇಕಾದ್ದು ಇಷ್ಟೇ: ಅಧಿಕೃತ ಹೇಳಿಕೆ ಬಂದಿದೆಯೇ ಎಂದು ಕೇಳಿ, ಬಂದಿಲ್ಲ ಎಂದರೆ ‘ಬರಲಿ, ಆಮೇಲೆ ಮಾತಾಡೋಣ’ ಎಂದು ಹೇಳಿ ಲೈನ್ ಬಿಟ್ಟುಬಿಡಿ.

ಕೇಳುವವರು ಯಾರು ಎಂಬುದನ್ನೂ ಮರೆಯಬೇಡಿ. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ, 19,600 ಅಡಿ ಎತ್ತರದ ಸೋನಂ ಪೋಸ್ಟಿನ ಮೇಲೆ ಹಿಮ ಕುಸಿದು 19 ಮದ್ರಾಸ್ ಪಲ್ಟನ್ನಿನ ಹತ್ತು ಮಂದಿ ಹೂತುಹೋದರು. ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಆರು ದಿನದ ಮೇಲೆ ಜೀವಂತ ಸಿಕ್ಕರು. 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು. ನಡುವಿನ ಆ ದಿನಗಳಲ್ಲಿ ಇಡೀ ಊರು ಟಿವಿ ಮುಂದೆ ಕೂತಿತ್ತು. ಉಕ್ರೇನ್ ಯುದ್ಧದ ಆರಂಭದಲ್ಲಿ, 2022ರ ಮಾರ್ಚ್ 1ರಂದು, ಖಾರ್ಕಿವ್ ನಗರದ ಮೇಲಿನ ಶೆಲ್ ದಾಳಿಗೆ ಬಲಿಯಾದ ವೈದ್ಯಕೀಯ ವಿದ್ಯಾರ್ಥಿ ರಾಣೆಬೆನ್ನೂರು ತಾಲ್ಲೂಕಿನ ಚಳಗೇರಿಯವನು. ಪರದೇಶದ ಯುದ್ಧ ಅಂತ ಹಗುರಾಗಿ ಮಾತಾಡುವಾಗ, ಹಾವೇರಿ ಜಿಲ್ಲೆಯ ಒಂದು ಮನೆಗೆ ಅದು ಪರದೇಶವಲ್ಲ ಎಂಬುದು ತಲೆಯಲ್ಲಿರಲಿ. ಸಾವಿನ ಸಂಖ್ಯೆಯನ್ನು ನೀವು ಮೊದಲು ಹೇಳಬೇಡಿ, ‘ಬದುಕುತ್ತಾರಾ ಸರ್?’ ಎಂಬ ಪ್ರಶ್ನೆಗೆ ಉತ್ತರ ಕೊಡಬೇಡಿ. ಯಾವ ಆಯುಧ ಎಷ್ಟು ಚೆನ್ನಾಗಿ ಕೊಲ್ಲುತ್ತದೆ ಎಂದು ಮುಖ ಅರಳಿಸಿ ವಿವರಿಸಲೂ ಬೇಡಿ.

ಟಿವಿಗಿಂತ ಸಭೆ ಮೇಲು

ನನ್ನ ಕೇಳಿದರೆ ಚಾನೆಲ್ ಹತ್ತು ಬಿಟ್ಟು ಒಂದು ಸಭೆ ಹಿಡಿಯಿರಿ. ಕಾಲೇಜಿನವರು, ರೋಟರಿಯವರು, ಧಾರವಾಡದ ವಿದ್ಯಾವರ್ಧಕ ಸಂಘದಂಥ ಕಡೆ ಉಪನ್ಯಾಸ ಇಡುವವರು ಕರೆಯುತ್ತಾರೆ. ನಲವತ್ತು ನಿಮಿಷ ಸಿಗುತ್ತದೆ, ಮಧ್ಯ ಬಾಯಿ ಹಾಕುವವರಿಲ್ಲ, ಕಡೆಗೆ ಬರುವ ಪ್ರಶ್ನೆಗಳು ನಿಮ್ಮ ಬುಡ ಅಲ್ಲಾಡಿಸುತ್ತವೆ.

ಬ್ಯಾಡಗಿಯ ವ್ಯಾಪಾರಸ್ಥರಿಗೆ ಕೆಂಪು ಸಮುದ್ರದ ಹೌತಿಗಳು (ಯೆಮೆನ್ ದೇಶದ ಬಂಡುಕೋರರು) ಯಾವ ಪಂಥದವರು ಎಂಬುದು ಬೇಕಿಲ್ಲ. 2023ರ ನವೆಂಬರ್‌ನಲ್ಲಿ ಅವರು ಗ್ಯಾಲಕ್ಸಿ ಲೀಡರ್ ಹಡಗನ್ನು ಹಿಡಿದ ಮೇಲೆ, ಸೂಯೆಜ್ ದಾರಿ ಬಿಟ್ಟು ಆಫ್ರಿಕಾ ಸುತ್ತಿ ಹೋಗುವ ಕಂಟೇನರಿಗೆ ಹತ್ತು ಹದಿನಾಲ್ಕು ದಿನ ಹೆಚ್ಚು ಹಿಡಿಯುತ್ತದೆ, ಬಾಡಿಗೆ, ವಿಮೆ ಏರುತ್ತವೆ, ಯುರೋಪಿಗೆ ಹೋಗುವ ಮೆಣಸಿನಕಾಯಿ ಮಾಲಿನ ಲೆಕ್ಕ ತಪ್ಪುತ್ತದೆ. ಅವರಿಗೆ ಬೇಕಾದ್ದು ಈ ದಾರಿಯ ಲೆಕ್ಕ. ಗದಗದಲ್ಲಿ ಮಾತಾಡುವಾಗ ಸೂರ್ಯಕಾಂತಿ ಎಣ್ಣೆ ಹಿಡಿದುಕೊಳ್ಳಿ. ನಮ್ಮ ದೇಶಕ್ಕೆ ಅದು ಹೆಚ್ಚಾಗಿ ಬರುತ್ತಿದ್ದದ್ದು ಉಕ್ರೇನ್, ರಷ್ಯಾಗಳಿಂದ. 2022ರ ಮಾರ್ಚ್‌ನಲ್ಲಿ ಕಪ್ಪು ಸಮುದ್ರದ ಬಂದರುಗಳು ಮುಚ್ಚಿದಾಗ ಇಲ್ಲಿ ಮಿರ್ಚಿ ಕರಿಯುವ ಬಾಣಲೆಗೆ ಎಣ್ಣೆ ತುಟ್ಟಿಯಾಯಿತು. ಗೊಬ್ಬರದ ಮಾತು ಇನ್ನೂ ಗಂಭೀರ. ಪೊಟ್ಯಾಷ್ ಪೂರಾ ಹೊರಗಿನಿಂದಲೇ ಬರಬೇಕು, ಅದನ್ನು ಮಾರುವ ದೊಡ್ಡ ದೇಶಗಳಲ್ಲಿ ರಷ್ಯಾ, ಬೆಲಾರೂಸ್ ಇವೆ. ಡಿಎಪಿಗೂ ಬಹುಪಾಲು ಹೊರಗಿನವರ ಬಾಗಿಲೇ ಕಾಯಬೇಕು. ಹಾವೇರಿಯಲ್ಲಿ 2008ರ ಜೂನ್‌ನಲ್ಲಿ ಗೊಬ್ಬರ ಕೇಳಿದ ರೈತರ ಮೇಲೆ ಗೋಲಿಬಾರ್ ಆಗಿ ಇಬ್ಬರು ಸತ್ತರು. ಗೊಬ್ಬರದ ಹಡಗು ತಡವಾದರೆ ಏನಾಗುತ್ತದೆ ಎಂಬುದನ್ನು ಆ ಊರಿಗೆ ನಾವು ಹೇಳಿಕೊಡಬೇಕಿಲ್ಲ. ಹಡಗು ಯಾಕೆ ತಡವಾಗುತ್ತದೆ ಎಂಬುದನ್ನು ಹೇಳಿದರೆ ಸಾಕು.

ಪತ್ರಿಕೆಗೆ ಬರೆಯುವವರು ಆರುನೂರು ಶಬ್ದ ಮೀರಬೇಡಿ. ಅಕ್ಷರ ಕೂಡಿಸಿದ ಮಿಲಿಟರಿ ಹೆಸರುಗಳನ್ನು ಹೊಡೆದುಹಾಕಿ. ಮನೆಯಲ್ಲಿ ಪಿಯುಸಿ ಓದುವವರು ಯಾರಾದರೂ ಇದ್ದರೆ ಮೊದಲು ಅವರಿಗೆ ಓದಲು ಕೊಡಿ. ಅವರು ಎಲ್ಲಿ ಮೊಬೈಲ್ ಎತ್ತಿಕೊಂಡರೋ ಅಲ್ಲಿಂದ ಮುಂದಿನದನ್ನು ಮತ್ತೆ ಬರೆಯಿರಿ.

ಒಂದು ನೋಟ್‌ಬುಕ್ ಇಡಿ. ತಾರೀಖು, ಎಲ್ಲಿ ಮಾತಾಡಿದ್ದು, ಮುಂದೆ ಏನಾಗಬಹುದು ಎಂದದ್ದು. ಆರು ತಿಂಗಳಿಗೊಮ್ಮೆ ತೆಗೆದು ನೋಡಿ, ಯಾವ ಬಗೆಯ ಮಾತಿನಲ್ಲಿ ನಿಮ್ಮ ಅಂದಾಜು ನಿಲ್ಲುತ್ತದೆ ಎಂಬುದು ತಿಳಿಯುತ್ತದೆ. ಅದೇ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬೇರೆಯವರ ನಂಬರ್ ಬರೆದಿಡಿ. ನೌಕಾಪಡೆಯಿಂದ ಬಂದವರು ಒಬ್ಬರು, ವಾಯುಪಡೆಯವರು ಒಬ್ಬರು, ಅಂತಾರಾಷ್ಟ್ರೀಯ ಸಂಬಂಧ ಕಲಿಸುವ ಪ್ರಾಧ್ಯಾಪಕರು ಒಬ್ಬರು, ಎಲ್ಲರೂ ಕನ್ನಡದಲ್ಲಿ ಮಾತಾಡಬಲ್ಲವರು. ಹೊರ್ಮುಜ್ ಜಲಸಂಧಿ, ಜಲಾಂತರ್ಗಾಮಿ, ವಿಮಾನವಾಹಕ ನೌಕೆ ಎಂದು ಚಾನೆಲ್‌ನವರು ಶುರುಮಾಡಿದರೆ ನಾನು ಕಾರವಾರದಲ್ಲಿರುವ ನಿವೃತ್ತ ಕಮಾಂಡರ್ ಒಬ್ಬರ ನಂಬರ್ ಕೊಡುತ್ತೇನೆ. ಕೊಡುವ ಮೊದಲು ಅವರಿಗೆ ಒಂದು ಮೆಸೇಜ್ ಹಾಕಿ ಕೇಳಿರುತ್ತೇನೆ, ಯಾಕೆಂದರೆ ರಾತ್ರಿ ಒಂಬತ್ತರ ಮೇಲೆ ಅವರು ಫೋನ್ ಎತ್ತುವುದಿಲ್ಲ.